ಬೇನೆಯ ಹೊತ್ತಿನಲ್ಲಿ ಪಕ್ಕದಲ್ಲಿರುವವರು

ದಿನ ತುಂಬಿದ ಹೆಣ್ಣುಮಗಳೊಬ್ಬಳು ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತಿದ್ದರೆ ಈ ಮಾತು ಮೊದಲು ಅವಳಿಗೆ. ಆಮೇಲೆ ಅವಳ ಅಮ್ಮನಿಗೆ, ಅತ್ತೆಗೆ, ಗಂಡನಿಗೆ. ನನ್ನ ವೃತ್ತಿಯ ಬಹುಪಾಲು ಹೆರಿಗೆ ವಾರ್ಡಿನಲ್ಲೇ ಕಳೆದಿದೆ. ತಪಾಸಣೆಗೆ ಬರುವ ಚೊಚ್ಚಲ ಬಸುರಿಯರು ಮಗುವಿನ ತೂಕ ಎಷ್ಟು, ಮೈಯಲ್ಲಿ ರಕ್ತ ಎಷ್ಟಿದೆ, ಸ್ಕ್ಯಾನಿಂಗಿನಲ್ಲಿ ಎಲ್ಲ ಸರಿಯಾಗಿದೆಯಾ ಅಂತ ಕೇಳಿ ಮುಗಿಸಿ, ಎದ್ದು ಬಾಗಿಲ ತನಕ ಹೋಗುತ್ತಾರೆ. ಅಲ್ಲಿ ನಿಂತು, ಜೊತೆಗೆ ಬಂದವರಿಗೆ ಕೇಳಿಸದ ಹಾಗೆ, ಸಣ್ಣ ದನಿಯಲ್ಲಿ ಕೇಳುತ್ತಾರೆ: "ಮೇಡಂ, ನೋವು ತಡ್ಕೊಳ್ಳೋಕಾಗುತ್ತಾ?" ಇಷ್ಟು ಹೊತ್ತು ಕೇಳಬೇಕು ಅಂತಿದ್ದದ್ದು ಅದೊಂದನ್ನೇ.

"ಏನೂ ಆಗಲ್ಲ ಹೋಗಮ್ಮ" ಅನ್ನುವುದು ಆ ಪ್ರಶ್ನೆಗೆ ಉತ್ತರವಲ್ಲ. ನೋವು ಇರುತ್ತದೆ. ಅದನ್ನು ಮುಚ್ಚಿಟ್ಟು ಹೇಳಿದ ಧೈರ್ಯ ಮೊದಲನೇ ಜೋರು ಬೇನೆಗೇ ಕರಗಿಹೋಗುತ್ತದೆ, ಧೈರ್ಯ ಹೇಳಿದವರ ಮೇಲಿನ ನಂಬಿಕೆಯೂ ಅದರ ಜೊತೆಗೇ ಹೋಗುತ್ತದೆ. ಆದರೆ ಈ ನೋವು ಯಾಕೆ ಬರುತ್ತದೆ, ಹೇಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನು ತಿಳಿದುಕೊಂಡು ಬಂದವಳು ಅದನ್ನು ಎದುರಿಸುವ ರೀತಿಯೇ ಬೇರೆ. ಅದನ್ನು ಕಣ್ಣಾರೆ ಕಂಡಿದ್ದೇನೆ.

ಗರ್ಭಕೋಶ ಅಂದರೆ ಬಲವಾದ ಸ್ನಾಯುವಿನ ಚೀಲ. ಒಂಬತ್ತು ತಿಂಗಳು ಬಿಗಿಯಾಗಿ ಮುಚ್ಚಿಕೊಂಡಿದ್ದ ಅದರ ಬಾಯಿ ಮಗುವಿನ ತಲೆ ಹೊರಗೆ ಬರುವಷ್ಟು, ಅಂದರೆ ಸುಮಾರು 10 ಸೆಂಟಿಮೀಟರ್ ತೆರೆದುಕೊಳ್ಳಬೇಕು. ಹೆರಿಗೆಯ ಹೆಚ್ಚಿನ ಹೊತ್ತು ಹೋಗುವುದು ಈ ಕೆಲಸಕ್ಕೇ. ಮೇಲಿನ ಸ್ನಾಯು ಸೆಟೆದು ಎಳೆದಾಗ ಕೆಳಗಿನ ಬಾಯಿ ಸ್ವಲ್ಪ ಸ್ವಲ್ಪವೇ ತೆಳುವಾಗಿ ಹಿಗ್ಗುತ್ತದೆ. ಆ ಸೆಟೆತವೇ ಬೇನೆ. ಅದು ಸೊಂಟದ ಹಿಂದೆ ಶುರುವಾಗಿ ಕಿಬ್ಬೊಟ್ಟೆಗೆ ಬರುತ್ತದೆ, ಕೆಲವರಿಗೆ ತೊಡೆಗೂ ಇಳಿಯುತ್ತದೆ. ಬಾಯಿ ಪೂರ್ತಿ ತೆರೆದು ಮಗು ಕೆಳಗಿಳಿಯುತ್ತಿದ್ದ ಹಾಗೆ ನೋವಿನ ಸ್ವಭಾವವೇ ಬದಲಾಗುತ್ತದೆ. ಆಗ ಇರುವುದು ಒತ್ತಡ, ಉರಿ, ಮುಕ್ಕರಿಯದೆ ಇರಲಾರೆ ಅನ್ನಿಸುವ ಒತ್ತಾಯ. ಎಷ್ಟೋ ಜನ ಈ ಎರಡನೇ ಹಂತವೇ ವಾಸಿ ಅನ್ನುತ್ತಾರೆ, ಯಾಕೆಂದರೆ ಅಲ್ಲಿ ಅವರಿಗೆ ಮಾಡುವುದಕ್ಕೆ ಒಂದು ಕೆಲಸ ಇರುತ್ತದೆ.

ಈ ನೋವಿನ ಮುಖ್ಯ ಗುಣ ಒಂದಿದೆ. ಅದು ಬಂದು ಹೋಗುತ್ತದೆ. ಹಲ್ಲುನೋವು, ಮೂಳೆ ಮುರಿದ ನೋವು ಹಾಗಲ್ಲ. ಬೇನೆ ಬಲಿತ ಮೇಲೆ ಸಾಮಾನ್ಯವಾಗಿ 10 ನಿಮಿಷಕ್ಕೆ ಮೂರು ಸಲ ಬರುತ್ತದೆ, ಪ್ರತಿ ಸಲ ಹೆಚ್ಚೂಕಮ್ಮಿ ಒಂದು ನಿಮಿಷ ಇರುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಗಂಟೆಯಲ್ಲಿ ನೋವು ಇರುವುದು 20 ನಿಮಿಷದ ಒಳಗೆ, ಬಿಡುವು 40 ನಿಮಿಷಕ್ಕೂ ಹೆಚ್ಚು. ಕೊನೆಕೊನೆಗೆ ಬಿಡುವು ಕಿರಿದಾಗುತ್ತದೆ ನಿಜ, ಆದರೆ ಇಲ್ಲವಾಗುವುದಿಲ್ಲ. ನನ್ನ ಅನುಭವದಲ್ಲಿ ಹೆಣ್ಣುಮಕ್ಕಳು ಸೋತುಹೋಗುವುದು ಆ 20 ನಿಮಿಷದಲ್ಲಿ ಅಲ್ಲ. ಮುಂದಿನ ಬೇನೆ ಯಾವಾಗ ಬರುತ್ತದೋ ಅಂತ ಮುಷ್ಟಿ ಬಿಗಿಹಿಡಿದು ಕಾಯುವ ಆ 40 ನಿಮಿಷದಲ್ಲಿ. ಬಿಡುವನ್ನು ಬಿಡುವಾಗಿ ಬಳಸಿಕೊಂಡವಳಿಗೆ ಅರ್ಧ ಕೆಲಸ ಆದ ಹಾಗೆ.

ಹೆದರಿಕೆಗೂ ನೋವಿಗೂ ಇರುವ ನಂಟನ್ನು ಹಿಡಿದು ಹೇಳಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್. 1933ರಲ್ಲಿ ಅವರ ಪುಸ್ತಕ ಬಂತು. ಲಂಡನ್ನಿನ ಬಡವರ ಬೀದಿಯ ಒಂದು ಮನೆಯಲ್ಲಿ ಹೆರಿಗೆ ಮಾಡಿಸಲು ಹೋದಾಗ, ಅಲ್ಲಿನ ಹೆಂಗಸು ನೋವು ಮರೆಸುವ ಕ್ಲೋರೋಫಾರಂ ಬೇಡ ಅಂದು, ಗಲಾಟೆಯಿಲ್ಲದೆ ಹೆತ್ತಳಂತೆ. ಯಾಕೆ ಬೇಡ ಅಂದೆ ಅಂತ ಕೇಳಿದರೆ ಅವಳಿಗೇ ಆಶ್ಚರ್ಯ. ಆವತ್ತಿನಿಂದ ಅವರ ತಲೆಗೆ ಹತ್ತಿದ ವಿಚಾರ ಇದು: ಹೆದರಿದರೆ ಮೈ ಬಿಗಿಯುತ್ತದೆ, ಮೈ ಬಿಗಿದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಹೆದರಿಕೆ ಇನ್ನೂ ಹೆಚ್ಚುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು. ಹೆದರಿಕೆ ಹೋದರೆ ನೋವೇ ಇರುವುದಿಲ್ಲ ಅನ್ನುವ ಮಟ್ಟಕ್ಕೆ ಅವರು ಹೋದದ್ದನ್ನು ನಾನು ಒಪ್ಪುವುದಿಲ್ಲ. ಅದು ನೋವು ತಿಂದವಳ ಮೇಲೇ ತಪ್ಪು ಹೊರಿಸಿದ ಹಾಗೆ. ಧೈರ್ಯವಂತೆಯರಿಗೂ ನೋವಾಗುತ್ತದೆ. ಆದರೆ ಸುತ್ತಿನ ಮಾತು ನಿಜ. ಹೆದರಿದ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ಅದು ಏರಿದರೆ ಬೇನೆ ಬರಿಸುವ ಆಕ್ಸಿಟೋಸಿನ್ ಕೆಲಸ ಕುಂಟುತ್ತದೆ, ಹೆರಿಗೆ ಎಳೆಯುತ್ತದೆ. ನೆಮ್ಮದಿಯಾಗಿರುವ ದೇಹ ನೋವನ್ನು ತಗ್ಗಿಸುವ ಎಂಡಾರ್ಫಿನನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಈಗ ಕೈಯಲ್ಲಿ ಆಗುವ ಉಪಾಯಗಳಿಗೆ ಬರೋಣ. ಮೊದಲನೆಯದು ಉಸಿರು. 1951ರಲ್ಲಿ ಫ್ರಾನ್ಸಿನ ವೈದ್ಯ ಫರ್ನಾಂಡ್ ಲಮಾಜ್ ಸೋವಿಯತ್ ದೇಶಕ್ಕೆ ಹೋಗಿ, ಅಲ್ಲಿ ಬಸುರಿಯರಿಗೆ ಮೊದಲೇ ಪಾಠ ಹೇಳಿ, ಉಸಿರಾಟ ಕಲಿಸಿ ಹೆರಿಗೆಗೆ ಸಿದ್ಧಮಾಡುವುದನ್ನು ಕಂಡು ಬಂದರು. ಪ್ಯಾರಿಸ್ಸಿನ ತಮ್ಮ ಆಸ್ಪತ್ರೆಯಲ್ಲಿ ಅದನ್ನೇ ಶುರುಮಾಡಿದರು. ಲಮಾಜ್ ಅನ್ನುವ ಹೆಸರು ಈಗ ನಮ್ಮ ಬೆಂಗಳೂರಿನ ತರಗತಿಗಳಲ್ಲೂ ಕೇಳಿಬರುತ್ತದೆ. ಅವರ ಕಾಲದಲ್ಲಿ ನಾಯಿ ತೇಕಿದ ಹಾಗೆ ಚುಟುಕು ಉಸಿರನ್ನೂ ಕಲಿಸುತ್ತಿದ್ದರು. ಬಹಳ ಹೊತ್ತು ಹಾಗೆ ಮಾಡಿದರೆ ತಲೆ ಸುತ್ತುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ನಾನು ಹೇಳುವುದು ನಿಧಾನದ ಉಸಿರು. ಬೇನೆ ಏಳುತ್ತಿದೆ ಅಂತ ಗೊತ್ತಾದ ಕೂಡಲೇ ಮೂಗಿನಿಂದ ಎಳೆದುಕೊಳ್ಳಿ, ಬಾಯಿಂದ ಉದ್ದಕ್ಕೆ ಬಿಡಿ. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಮುಖ್ಯ. ಬಿಡುವಾಗ ಭುಜ ಇಳಿಯಲಿ, ಹುಬ್ಬು ಸಡಿಲವಾಗಲಿ, ಹಲ್ಲು ಕಚ್ಚಬೇಡಿ. ಒಂದು ಬೇನೆ ಹೋಗುವಷ್ಟರಲ್ಲಿ ಇಂಥ ಏಳೆಂಟು ಉಸಿರು ಆಗಿರುತ್ತದೆ. ಎಂಟನೇ ತಿಂಗಳಿಂದ ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ರೂಢಿ ಮಾಡಿಕೊಂಡರೆ, ಆ ಹೊತ್ತಿಗೆ ಮೈಗೆ ತಾನಾಗಿ ಬರುತ್ತದೆ. ಹೆರಿಗೆ ಕೋಣೆಯಲ್ಲಿ ಮೊದಲ ಸಲ ಹೇಳಿಕೊಟ್ಟರೆ ಯಾರಿಗೂ ತಲೆಗೆ ಹೋಗುವುದಿಲ್ಲ.

ದನಿಯ ಬಗ್ಗೆಯೂ ಒಂದು ಮಾತು. ಹಿಂದೆ ನಮ್ಮ ಹೆಂಗಸರು ರಾಗಿಕಲ್ಲಿನ ಮುಂದೆ ಕೂತು ಹಾಡಿಕೊಂಡೇ ಬೀಸುತ್ತಿದ್ದರು. ಕೈಯ ಕಷ್ಟವನ್ನು ಲಯ ಹೊತ್ತುಕೊಳ್ಳುತ್ತಿತ್ತು. ಬೇನೆಯಲ್ಲೂ ಹಾಗೇ. ಎದೆಯ ಆಳದಿಂದ ಬರುವ, ತಗ್ಗಿದ, ಉದ್ದನೆಯ ನರಳಿಕೆ ಮೈಯನ್ನು ಸಡಿಲ ಮಾಡುತ್ತದೆ. ಗಂಟಲಿನಿಂದ ಬರುವ ಕಿರುಚು ಮೈಯನ್ನು ಬಿಗಿಸುತ್ತದೆ. ಆದ್ದರಿಂದ ದನಿ ಮಾಡಿ, ದನಿಯನ್ನು ಕೆಳಗೆ ತನ್ನಿ. "ಕೂಗಬೇಡ" ಅಂತ ಗದರುವ ಹಕ್ಕು ಅಲ್ಲಿರುವ ಯಾರಿಗೂ ಇಲ್ಲ.

ಎರಡನೆಯದು ನಡೆದಾಟ. ಬೇನೆ ಶುರುವಾದ ಕೂಡಲೇ ಹೆಣ್ಣುಮಗಳನ್ನು ಮಂಚ ಹತ್ತಿಸಿ ಅಂಗಾತ ಮಲಗಿಸುವುದು ಆಸ್ಪತ್ರೆಯ ಅನುಕೂಲಕ್ಕೆ ಬಂದ ಪದ್ಧತಿ. 17ನೇ ಶತಮಾನದಲ್ಲಿ ಫ್ರಾನ್ಸಿನ ವೈದ್ಯ ಮೋರಿಸೋ ಹಾಸಿಗೆಯ ಮೇಲಿನ ಹೆರಿಗೆಯನ್ನು ಎತ್ತಿಹಿಡಿದು ಬರೆದ ಮೇಲೆ ಇದು ಯುರೋಪಿನಲ್ಲಿ ಹಬ್ಬಿತು. ಅಲ್ಲಿಂದ ಇಲ್ಲಿಗೆ ಬಂತು. ನಮ್ಮ ಕಡೆ ಹೆಂಗಸರು ತೊಲೆಗೆ ಕಟ್ಟಿದ ಹಗ್ಗ ಹಿಡಿದು, ಕುಕ್ಕರಗಾಲಲ್ಲಿ ಕೂತು, ಇನ್ನೊಬ್ಬಳ ಹೆಗಲಿಗೆ ಜೋತು ಹೆರುತ್ತಿದ್ದರು. ಬುದ್ಧನನ್ನು ಹೆತ್ತ ಮಾಯಾದೇವಿಯನ್ನು ನಮ್ಮ ಶಿಲ್ಪಿಗಳು ಕಡೆದದ್ದೂ ನಿಂತ ಭಂಗಿಯಲ್ಲೇ, ಕೈಯಲ್ಲಿ ಸಾಲವೃಕ್ಷದ ಕೊಂಬೆ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶದ ಭಾರ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ತಾಯಿಗೆ ತಲೆ ತಿರುಗುತ್ತದೆ, ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಸೊಂಟದ ನೋವೂ ಹೆಚ್ಚುತ್ತದೆ. ಎದ್ದು ಓಡಾಡುತ್ತಿದ್ದರೆ ಮಗುವಿನ ಭಾರವೇ ಅದನ್ನು ಕೆಳಗಿಳಿಸುತ್ತದೆ. 5,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ 25 ಅಧ್ಯಯನಗಳನ್ನು ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಬಳಗ 2013ರಲ್ಲಿ ಒಟ್ಟಿಗೆ ಹಾಕಿ ನೋಡಿತು. ಎದ್ದು ನಿಂತು, ಕೂತು, ನಡೆದಾಡಿದವರ ಮೊದಲ ಹಂತ ಸರಾಸರಿ ಒಂದು ಗಂಟೆ 20 ನಿಮಿಷದಷ್ಟು ಬೇಗ ಮುಗಿದಿತ್ತು, ಅರಿವಳಿಕೆ ಬೇಕು ಅಂದವರೂ ಕಡಿಮೆ ಇದ್ದರು.

ಕಾರಿಡಾರಿನಲ್ಲಿ ನಡೆಯಿರಿ. ಬೇನೆ ಬಂದಾಗ ಕಿಟಕಿಯ ಸರಳು ಹಿಡಿದು ಮುಂದಕ್ಕೆ ಬಾಗಿ ಸೊಂಟ ಆಡಿಸಿ. ಕೈಕಾಲೂರಿ ಹಸುವಿನ ಹಾಗೆ ನಿಂತರೆ ಬೆನ್ನುನೋವು ಎಷ್ಟೋ ಇಳಿಯುತ್ತದೆ, ಅದರಲ್ಲೂ ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆಗಿದ್ದಾಗ. ಸುಸ್ತಾದರೆ ಎಡಮಗ್ಗುಲಾಗಿ ಮಲಗಿ, ಮೊಣಕಾಲುಗಳ ನಡುವೆ ಒಂದು ದಿಂಬು ಇಟ್ಟುಕೊಳ್ಳಿ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಿ ಬನ್ನಿ. ಮೂತ್ರಕೋಶ ತುಂಬಿದ್ದರೆ ನೋವೂ ಜಾಸ್ತಿ, ಮಗುವಿನ ದಾರಿಗೂ ಅಡ್ಡಿ.

ಬಿಸಿನೀರಿನ ಸಂಗತಿ ನಮ್ಮ ಮನೆಗಳ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೊಂಟದ ಮೇಲೆ ಎರಡು ತಂಬಿಗೆ ಬಿಸಿನೀರು ಹುಯ್ದು ನೋಡು, ಕಳ್ಳಬೇನೆಯಾದರೆ ನಿಲ್ಲುತ್ತದೆ, ನಿಜವಾದದ್ದಾದರೆ ನಿಲ್ಲುವುದಿಲ್ಲ ಅಂತ ನನಗೆ ಹೇಳಿದವರು ಹಳ್ಳಿಯ ಅಜ್ಜಿಯರೇ. ಪರದೇಶಗಳಲ್ಲಿ ನೋವು ತಗ್ಗಿಸುವುದಕ್ಕಾಗಿಯೇ ಬಿಸಿನೀರಿನ ತೊಟ್ಟಿ ಇಡುತ್ತಾರೆ. ಫ್ರಾನ್ಸಿನ ಪಿತಿವಿಯೇ ಊರಿನ ಆಸ್ಪತ್ರೆಯಲ್ಲಿ ಮಿಶೆಲ್ ಓದಾಂ ಅನ್ನುವ ವೈದ್ಯರು ಇದನ್ನು ಬಳಕೆಗೆ ತಂದು 1983ರಲ್ಲಿ ತಮ್ಮ ಅನುಭವ ಪ್ರಕಟಿಸಿದರು. ನಮಗೆ ತೊಟ್ಟಿ ಬೇಕಿಲ್ಲ. ಬಚ್ಚಲಲ್ಲಿ ಒಂದು ಸ್ಟೂಲು, ಒಂದು ಬಕೆಟ್ ನೀರು, ಒಂದು ಮಗ್ ಸಾಕು. ನೀರು ಹಿತವಾಗಿ ಬೆಚ್ಚಗಿರಲಿ, ಸುಡಬಾರದು. ನೆಲ ಜಾರುತ್ತದೆ, ಒಬ್ಬಳನ್ನೇ ಬಿಡಬಾರದು. ನೀರಿನ ಚೀಲ ಒಡೆದಿದ್ದರೆ ಮೊದಲು ಸಿಸ್ಟರನ್ನು ಕೇಳಿ. ಸ್ನಾನಕ್ಕೆ ಅನುಕೂಲವಿಲ್ಲದ ಕಡೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಸೊಂಟಕ್ಕೆ ಇಡಬಹುದು.

ಹೊಟ್ಟೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಅಪಾಯವಿಲ್ಲದ ಸಹಜ ಹೆರಿಗೆಯಲ್ಲಿ ಉಪವಾಸ ಕೆಡವಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಶಿಫಾರಸುಗಳಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಗಂಜಿ, ಎಳನೀರು, ಮಜ್ಜಿಗೆ, ಒಂದು ಇಡ್ಲಿ ಕೊಡಬಹುದು. ಆಪರೇಷನ್ ಆಗಬಹುದು ಅನ್ನುವ ಸೂಚನೆ ಇದ್ದರೆ ಮಾತ್ರ ಡಾಕ್ಟರು ಹೇಳಿದ ಹಾಗೆ ನಡೆಯಬೇಕು.

ಇನ್ನು ಬೆನ್ನು ಒತ್ತುವುದು. ಇದರ ಬಗ್ಗೆ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಷ್ಟು ಸುಲಭವಾಗಿ ಇಷ್ಟು ಉಪಕಾರ ಮಾಡುವ ಉಪಾಯ ಇನ್ನೊಂದಿಲ್ಲ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು ನೋವಿನ ಬಗ್ಗೆ ಒಂದು ಸಿದ್ಧಾಂತ ಮುಂದಿಟ್ಟರು. ನೋವಿನ ಸುದ್ದಿ ಮಿದುಳಿಗೆ ಹೋಗುವ ಮುಂಚೆ ಬೆನ್ನುಹುರಿಯಲ್ಲಿ ಒಂದು ಗೇಟು ದಾಟಬೇಕು. ಸ್ಪರ್ಶ, ಒತ್ತಡದ ಸುದ್ದಿಗಳೂ ಅದೇ ಹೊತ್ತಿಗೆ ಬಂದರೆ ಆ ಗೇಟು ನೋವಿಗೆ ಅರ್ಧ ಮುಚ್ಚಿಕೊಳ್ಳುತ್ತದೆ ಅಂತ. ಮಗುವಿನ ಮೊಣಕಾಲಿಗೆ ಪೆಟ್ಟಾದಾಗ ನಾವು ಕೂಡಲೇ ಉಜ್ಜುವುದು ಸುಮ್ಮನೆ ಅಲ್ಲ.

ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಇಪ್ಪತ್ತರ ಹುಡುಗಿ, ಮೊದಲ ಹೆರಿಗೆ, ಬಾಯಿ ನಾಲ್ಕು ಸೆಂಟಿಮೀಟರಿಗೇ ನಿಂತಿತ್ತು. ಮಂಚದ ಕಂಬಿ ಹಿಡಿದು "ಆಪ್ರೇಷನ್ ಮಾಡ್ಬಿಡಿ" ಅಂತ ಗೋಗರೆಯುತ್ತಿದ್ದಳು. ವರಾಂಡದಲ್ಲಿ ಕೂತಿದ್ದ ಅವಳ ಅತ್ತೆಯನ್ನು ಒಳಗೆ ಕರೆಸಿದೆ. ಹೊಲದ ಕೆಲಸದಲ್ಲಿ ಗಟ್ಟಿಯಾದ ಅಂಗೈ ಆಯಮ್ಮನದು. ಸೊಸೆಯನ್ನು ಮಂಚದಿಂದ ಇಳಿಸಿ, ಮಂಚಕ್ಕೇ ಒರಗಿಸಿ ನಿಲ್ಲಿಸಿಕೊಂಡರು. ಬೇನೆ ಎದ್ದಾಗ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವಲ್ಲಿರುವ ಚಪ್ಪಟೆ ಜಾಗಕ್ಕೆ ಅಂಗೈಯ ಬುಡವನ್ನು ಒತ್ತಿ, ತಮ್ಮ ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟರು. ಇನ್ನೊಂದು ಕೈ ಹುಡುಗಿಯ ಸೊಂಟದ ಮುಂದೆ ಆನಿಸಿಕೊಂಡಿತ್ತು. ಉಜ್ಜಲಿಲ್ಲ, ತಿಕ್ಕಲಿಲ್ಲ, ಒಂದೇ ಸಮ ಒತ್ತಿ ಹಿಡಿದರು. "ಬುಡು ಮಗಾ, ಉಸ್ರು ಬುಡು... ಇಳೀತೈತೆ... ಹೋಯ್ತು ನೋಡು, ಹೋಯ್ತು." ಕೈ ತೆಗೆದು, ಸೆರಗಿನಿಂದ ಹುಡುಗಿಯ ಮುಖ ಒರೆಸಿ, ಒಂದು ಗುಟುಕು ನೀರು ಕುಡಿಸಿದರು. ಮತ್ತೆ ಬೇನೆ, ಮತ್ತೆ ಅದೇ ಜಾಗ, ಅದೇ ಮಾತು. ಮೂರು ನಾಲ್ಕು ಬೇನೆ ಕಳೆಯುವಷ್ಟರಲ್ಲಿ ಹುಡುಗಿ ಆಪರೇಷನ್ನಿನ ಮಾತು ಬಿಟ್ಟಿದ್ದಳು. ಬೇನೆ ಬರುವ ಮುಂಚೆಯೇ "ಅತ್ತೆ, ಕೈ ಇಡಿ" ಅನ್ನುತ್ತಿದ್ದಳು. ಬೆಳಗಾಗುವ ಮುಂಚೆ ತಾನಾಗಿಯೇ ಹೆರಿಗೆಯಾಯಿತು.

ಅಲ್ಲಿ ನೋವನ್ನು ತಗ್ಗಿಸಿದ್ದು ಯಾವುದು? ಒತ್ತಿದ ಕೈಯೂ ಹೌದು, ನಿಂತ ಭಂಗಿಯೂ ಹೌದು, ಬಿಟ್ಟ ಉಸಿರೂ ಹೌದು. ಆದರೆ ಇವೆಲ್ಲ ಆ ಹುಡುಗಿಗೆ ಒದಗಿದ್ದು ಒಬ್ಬರು ಪಕ್ಕದಲ್ಲಿ ನಿಂತದ್ದರಿಂದ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದನ್ನೇ. ಉಸಿರು, ನಡಿಗೆ, ಬಿಸಿನೀರು, ಬೆನ್ನು ಒತ್ತುವುದು, ಇವು ಯಾವುವನ್ನೂ ಬೇನೆಯಲ್ಲಿರುವವಳು ಒಬ್ಬಳೇ ಮಾಡಿಕೊಳ್ಳಲಾರಳು. ನೋವಿನ ನಡುವೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ನೆನಪಿಸುವುದಕ್ಕೆ ಒಂದು ಜೀವ ಬೇಕು.

ನಮ್ಮ ಸೂಲಗಿತ್ತಿಯರ ದೊಡ್ಡ ಗುಣ ಇದೇ ಆಗಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ಈ ವಿದ್ಯೆ ಕಲಿತು, ಒಂದು ಕಾಸು ಮುಟ್ಟದೆ, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅಂಥವರು ಬೇನೆ ಶುರುವಾದಾಗ ಮನೆಗೆ ಬಂದರೆ ಮಗು ಬಂದು, ಮಾಸು ಬಿದ್ದು, ಕೂಸಿಗೆ ಎರೆದು, ಬಾಣಂತಿ ಒಂದು ತುತ್ತು ಉಣ್ಣುವ ತನಕ ಏಳುತ್ತಿರಲಿಲ್ಲ. ಆದರೆ ಕೇಳುಗರೇ, ಹಳೆಯ ಕಾಲವನ್ನು ನಾನು ಚಿನ್ನದ ಕಾಲ ಅನ್ನುವುದಿಲ್ಲ. ರಕ್ತಸ್ರಾವವಾದಾಗ, ಮಗು ಅಡ್ಡ ತಿರುಗಿದಾಗ, ನಂಜೇರಿದಾಗ ಮನೆಯಲ್ಲಿ ಯಾರ ಕೈಯಲ್ಲೂ ಏನೂ ಆಗುತ್ತಿರಲಿಲ್ಲ. ಕರ್ನಾಟಕದಲ್ಲಿ 2004-06ರ ಸುಮಾರಿಗೆ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಹೆರಿಗೆ ಆಸ್ಪತ್ರೆಗೆ ಬಂದದ್ದು ಅದರ ದೊಡ್ಡ ಕಾರಣ. ಹೆರಿಗೆ ಅಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ.

ನನ್ನ ಸಂಕಟ ಬೇರೆ. ಹೆರಿಗೆಯನ್ನು ಆಸ್ಪತ್ರೆಯ ಒಳಗೆ ತಂದಾಗ ಪಕ್ಕದಲ್ಲಿ ಕೂರುವವರನ್ನು ಬಾಗಿಲ ಹೊರಗೆ ಬಿಟ್ಟುಬಂದೆವು. ಒಳಗೆ ಒಬ್ಬ ಸಿಸ್ಟರಿಗೆ ನಾಲ್ಕೈದು ಬೇನೆಯವರು, ಮೇಲೆ ರಿಜಿಸ್ಟರು ಬರೆಯುವ ಕೆಲಸ. ಅವರಿಗೂ ಕೈ ಎರಡೇ. ಹಾಗಂತ ಬೇನೆಯಲ್ಲಿರುವವಳಿಗೆ "ಆವಾಗ ಗೊತ್ತಾಗ್ಲಿಲ್ವಾ, ಈಗ ಯಾಕೆ ಕೂಗ್ತೀಯ" ಅನ್ನುವುದನ್ನು, ತೊಡೆಗೆ ಹೊಡೆಯುವುದನ್ನು, ಬೇಗ ಆಗಲಿ ಅಂತ ಹೊಟ್ಟೆಯ ಮೇಲೆ ಭಾರ ಹಾಕಿ ಒತ್ತುವುದನ್ನು ಯಾವ ಕೆಲಸದ ಒತ್ತಡವೂ ಸಮರ್ಥಿಸಲಾರದು. ಹೀಗೆ ಹೊಟ್ಟೆ ಒತ್ತುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅಂದಿದೆ. ಮನೆಯವರೊಬ್ಬರು ಪಕ್ಕದಲ್ಲಿ ನಿಂತಿದ್ದರೆ ಇಂಥ ಮಾತು ಬಾಯಿಗೆ ಬರುವುದೇ ಕಡಿಮೆ.

ಪಕ್ಕದಲ್ಲಿ ಒಬ್ಬರಿದ್ದರೆ ಏನಾಗುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಗ್ವಾಟೆಮಾಲಾದ ಒಂದು ಜನನಿಬಿಡ ಆಸ್ಪತ್ರೆಯಲ್ಲಿ ಮನೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ಅಲ್ಲಿ ಕೆನೆಲ್, ಕ್ಲೌಸ್ ಅನ್ನುವ ವೈದ್ಯರು ಮತ್ತು ಅವರ ಜೊತೆಗಾರರು ಕೆಲವು ತಾಯಂದಿರ ಪಕ್ಕದಲ್ಲಿ, ಅವರಿಗೆ ಗುರುತೇ ಇಲ್ಲದ ಒಬ್ಬೊಬ್ಬ ಹೆಂಗಸನ್ನು ಕೂರಿಸಿದರು. ಅವಳ ಕೆಲಸ ಕೈ ಹಿಡಿಯುವುದು, ಬೆನ್ನು ಸವರುವುದು, ಮಾತಾಡಿಸುವುದು, ಅಷ್ಟೆ. ಆ ತಾಯಂದಿರ ಹೆರಿಗೆ ಬೇಗ ಆಯಿತು, ತೊಡಕುಗಳು ಕಡಿಮೆಯಾದವು. ಹೆರಿಗೆಯಾದ ಮೇಲೆ ಅವರು ಎಚ್ಚರವಾಗಿದ್ದು ಮಗುವನ್ನು ಹೆಚ್ಚು ಸವರಿದರು, ಹೆಚ್ಚು ನಕ್ಕರು, ಹೆಚ್ಚು ಮಾತಾಡಿಸಿದರು. ಇದು ಪ್ರಕಟವಾದದ್ದು 1980ರಲ್ಲಿ. ಆಮೇಲೆ 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನಗಳನ್ನು 2017ರಲ್ಲಿ ಕಾಕ್ರೇನ್ ಬಳಗ ಒಟ್ಟುಮಾಡಿ ನೋಡಿದಾಗಲೂ ತೀರ್ಮಾನ ಅದೇ: ಎಡೆಬಿಡದೆ ಜೊತೆಗೊಬ್ಬರು ಇದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಔಷಧಿ ಬೇಡಿದವರು ಕಡಿಮೆ.

ನಮ್ಮ ದೇಶದಲ್ಲೂ ಇದಕ್ಕೆ ಅಡ್ಡಿಯಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಜೊತೆಗೊಬ್ಬರು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. ತಾನೂ ಹೆತ್ತು ಅನುಭವವಿರುವ ಹೆಂಗಸಾಗಿರಬೇಕು, ಅಂಟುರೋಗ ಇರಬಾರದು, ಶುಭ್ರವಾದ ಬಟ್ಟೆ ಉಟ್ಟಿರಬೇಕು, ಕೊನೆಯ ತನಕ ಇರುವ ಮನಸ್ಸಿರಬೇಕು, ಚಿಕಿತ್ಸೆಯಲ್ಲಿ ಕೈ ಹಾಕಬಾರದು. ಪರದೆ, ಮರೆ ಎಲ್ಲ ಸರಿಯಾಗಿರುವ ಕಡೆ ಗಂಡನೂ ಇರಬಹುದು. ಹೆರಿಗೆ ಕೋಣೆಗಳನ್ನು ಸುಧಾರಿಸಲು 2017ರ ಕೊನೆಗೆ ಶುರುವಾದ 'ಲಕ್ಷ್ಯ' ಕಾರ್ಯಕ್ರಮದಲ್ಲೂ ಇದು ಸೇರಿದೆ. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ "ಹೊರಗಿರಿ, ಹೊರಗಿರಿ" ಅನ್ನುವ ಮಾತು ಎಷ್ಟೋ ಬಾಗಿಲಲ್ಲಿ ಇನ್ನೂ ಕೇಳುತ್ತದೆ. ಕೇಳುವವರು ಕೇಳಿದರೆ ಅದು ನಿಲ್ಲುತ್ತದೆ.

ಜೊತೆಗೆ ಹೋಗುವವರಿಗೂ ಎರಡು ಮಾತು. ನಿಮ್ಮ ಹೆರಿಗೆಯ ಕಷ್ಟದ ಕತೆಯನ್ನು ಅಲ್ಲಿ ತೆಗೆಯಬೇಡಿ. "ಇನ್ನೂ ಎಷ್ಟೊತ್ತು" ಅಂತ ಅವಳೆದುರು ಕೇಳಬೇಡಿ. ಗಂಡೋ ಹೆಣ್ಣೋ ಅನ್ನುವ ಮಾತನ್ನಂತೂ ಎತ್ತಲೇಬೇಡಿ. ಆ ಆತಂಕ ಹೊತ್ತು ಹೆರುವುದಕ್ಕೆ ಹೋಗುವ ಹೆಣ್ಣುಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಒಂದು ಬೇನೆ ಇಳಿದ ಕೂಡಲೇ "ಆಯ್ತು, ಇದು ಹೋಯ್ತು" ಅಂತ ಹೇಳಿ, ಯಾಕೆಂದರೆ ಹೋಗಿದೆ ಅನ್ನುವುದು ಅವಳಿಗೆ ಕೂಡಲೇ ತಿಳಿಯುವುದಿಲ್ಲ. ಫೋನು ಒಳಗಿಡಿ. ಅವಳು ಮುಟ್ಟಬೇಡ ಅಂದರೆ ಮುಟ್ಟಬೇಡಿ, ಎದ್ದು ಮಾತ್ರ ಹೋಗಬೇಡಿ.

ಇಷ್ಟೆಲ್ಲ ಮಾಡಿಯೂ ತಡೆಯಲಾರೆ ಅನ್ನಿಸಿದರೆ? ಅನ್ನಿಸಬಹುದು. ಮಗುವಿನ ಗಾತ್ರ, ಅದು ತಿರುಗಿರುವ ರೀತಿ, ಬೇನೆ ಎಳೆದ ಹೊತ್ತು, ಒಬ್ಬೊಬ್ಬರ ಮೈಯ ಗುಣ ಬೇರೆಬೇರೆ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅರಿವಳಿಕೆಯ ಸೌಲಭ್ಯವಿರುವ ಕಡೆ ಅದನ್ನು ಕೇಳುವುದರಲ್ಲಿ ಸೋಲಿನ ಮಾತೇ ಇಲ್ಲ. ಆರೋಗ್ಯವಾಗಿರುವ ಬಸುರಿ ಕೇಳಿದರೆ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. 1847ರಲ್ಲಿ ಎಡಿನ್‌ಬರೋದ ವೈದ್ಯ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರಂ ಬಳಸಿದಾಗ, ಹೆಣ್ಣು ನೋವುಂಡೇ ಹೆರಬೇಕು ಅಂತ ಧರ್ಮದ ಹೆಸರಲ್ಲಿ ತಕರಾರು ತೆಗೆದವರಿದ್ದರು. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಅದನ್ನು ತೆಗೆದುಕೊಂಡ ಮೇಲೆ ಆ ಬಾಯಿಗಳು ಮೆತ್ತಗಾದವು. ನೋವು ತಿಂದಷ್ಟೂ ದೊಡ್ಡ ತಾಯಿ ಅನ್ನುವ ಲೆಕ್ಕವನ್ನು ನಾವೂ ಬಿಡಬೇಕು. ಸಿಸೇರಿಯನ್ ಆದವಳೂ ಹೆತ್ತವಳೇ.

ಮನೆಯಲ್ಲಿ ಮಾಡಬಾರದ್ದು ಎರಡಿವೆ. ಬೇನೆ ಬರಲಿ ಅಂತ ಹರಳೆಣ್ಣೆ ಕುಡಿಸಬೇಡಿ, ವಾಂತಿ ಭೇದಿಯಾಗಿ ಹುಡುಗಿ ನಿತ್ರಾಣವಾಗುತ್ತಾಳೆ. ಯಾರನ್ನೋ ಮನೆಗೆ ಕರೆಸಿ ಬೇನೆ ಜೋರಾಗುವ ಇಂಜೆಕ್ಷನ್ ಹಾಕಿಸಬೇಡಿ. ಗರ್ಭಕೋಶ ಹರಿಯುವಷ್ಟು, ಮಗುವಿನ ಉಸಿರು ಕಟ್ಟುವಷ್ಟು ಅಪಾಯ ಅದರಲ್ಲಿದೆ. ರಕ್ತ ಹೋದರೆ, ಹೋದ ನೀರು ಹಸಿರು ಬಣ್ಣಕ್ಕಿದ್ದರೆ, ಮಗುವಿನ ಆಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ಒಂದು ಕ್ಷಣವೂ ಕಾಯದೆ 108ಕ್ಕೆ ಫೋನ್ ಮಾಡಿ. ಮೊದಲೇ ಹೇಳಿದೆ, ಬೇನೆ ಬಂದು ಹೋಗಬೇಕು. ಬಿಡುವೇ ಇಲ್ಲದೆ, ಹೊಟ್ಟೆ ಕಲ್ಲಾಗಿ, ಒಂದೇ ಸಮ ನೋಯುತ್ತಿದ್ದರೆ ಅದು ಉಸಿರಾಟದಿಂದ ತಡೆದುಕೊಳ್ಳುವ ನೋವಲ್ಲ, ಅದೂ ಅಪಾಯದ ಲಕ್ಷಣವೇ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಏಳು ತುಂಬಿದವರು ಈ ಸಲ ಹೋದಾಗ ರಕ್ತ, ಬಿ.ಪಿ. ಎಲ್ಲ ತೋರಿಸಿದ ಮೇಲೆ, ಹೆರಿಗೆ ಹೊತ್ತಿಗೆ ನನ್ನ ಜೊತೆ ಯಾರನ್ನು ಬಿಡುತ್ತೀರಿ ಅಂತ ಕೇಳಿ. ಅಮ್ಮನೋ, ಅಕ್ಕನೋ, ಅತ್ತೆಯೋ, ಪಕ್ಕದ ಮನೆಯ ಚಿಕ್ಕಮ್ಮನೋ, ಯಾರ ಕೈ ಹಿಡಿದರೆ ನಿಮಗೆ ನೆಮ್ಮದಿಯೋ ಅವರ ಹೆಸರು ಹೇಳಿ, ಅವರನ್ನೂ ಒಂದು ಸಲ ಜೊತೆಗೆ ಕರೆದುಕೊಂಡು ಹೋಗಿ ಹೆರಿಗೆ ಕೋಣೆ ತೋರಿಸಿ ಅನ್ನಿ. ಮಂಚ ಎಲ್ಲಿದೆ, ಬಚ್ಚಲು ಎಲ್ಲಿದೆ, ಓಡಾಡುವುದಕ್ಕೆ ಜಾಗ ಎಷ್ಟಿದೆ ನೋಡಿಕೊಳ್ಳಿ. ಆ ದಿನದಿಂದಲೇ ಇಬ್ಬರೂ ಕೂಡಿ ಉಸಿರಾಟದ ರೂಢಿ ಮಾಡಿ. ಬೆನ್ನಿನಲ್ಲಿ ಯಾವ ಜಾಗಕ್ಕೆ ಕೈ ಇಟ್ಟರೆ ಹಿತ ಅನ್ನುವುದನ್ನು ಅವರಿಗೆ ಈಗಲೇ ತೋರಿಸಿಕೊಡಿ.